ಮೂರು ಸಲ ಒಗೆದ ಅಂಗಿ

ಮರ ಕಡಿಯುವವ ಒಂದೇ ಒಂದು ಕೊಂಬೆ ಉರುಳಿಸಿ, ಕೆಮ್ಮುತ್ತಾ ಕೆಳಗಿಳಿದ. ಹತ್ತುವಾಗ ಹಾಲಿನಂತಿದ್ದ ಅಂಗಿ ಇಳಿಯುವಾಗ ಒಲೆ ಒರೆಸಿದ ಬಟ್ಟೆಯಾಗಿತ್ತು.

"ಇನ್ನೊಂದು ಕೊಂಬೆ ಮುಟ್ಟಲ್ಲ ಕಣಣ್ಣ. ಮೊದ್ಲು ಈ ಅಂಗಿ ಬಿಳಿ ಮಾಡಿಕೊಡು. ಸಂಜೆ ಬೀಗರ ಮನೆಗೆ ಹೋಗ್ಬೇಕು, ಹಿಂಗೆ ಹೋದ್ರೆ ಬಾಗಿಲೇ ತೆಗೆಯಲ್ಲ."

ಲಾಂಡ್ರಿಯವನಿಗೆ ತಲೆಬಿಸಿ. ಆಸ್ಪತ್ರೆಯ ಬಿಳಿ ಹಾಸುಗಳೇ ಅವನ ಅನ್ನ. ಹಾಸಿನ ಮಡಿಕೆಯಲ್ಲಿ ಒಣಗಿದ ಎಲೆ ಸಿಕ್ಕಿತೆಂದು ಹಿರಿಯ ನರ್ಸಮ್ಮ ಮೊನ್ನೆ ಇಡೀ ಗಂಟನ್ನೇ ವಾಪಸ್ ಕಳಿಸಿ, "ಇನ್ನೊಂದ್ಸಲ ಹೀಗಾದ್ರೆ ಬೇರೆಯವರಿಗೆ ಕೊಡ್ತೀವಿ" ಅಂದಿದ್ದಳು. ಆಸ್ಪತ್ರೆ ಕೈತಪ್ಪಿದರೆ ಅಂಗಡಿಗೆ ಬೀಗವೇ ಗತಿ. ಅದಕ್ಕೇ ಮರಕ್ಕೆ ಈ ಶಿಕ್ಷೆ. ಲಾರಿ ಓಡಾಡುವ ರಸ್ತೆಗೂ ಬಟ್ಟೆ ಒಣಹಾಕುವ ಅಂಗಳಕ್ಕೂ ನಡುವೆ ಅದೊಂದೇ ದಟ್ಟವಾಗಿ ಅಡ್ಡ ನಿಂತಿತ್ತು.

"ನೋಡಿದ್ರಾ ಅತ್ತಿಗೆ, ಮರಾನೇ ಎಷ್ಟು ಗಲೀಜು!" ಎನ್ನುತ್ತಾ ಅವನು ಅಂಗಿ ಒಗೆದ. ಕೊಂಬೆ ಹೋದ ಸಂದಿಯಿಂದ ಹೊಸ ಬಿಸಿಲು ಬೀಳುತ್ತಿತ್ತಲ್ಲ, ಅಲ್ಲೇ ಹರವಿದ. ಇಸ್ತ್ರಿ ಮೇಜಿನ ಹಿಂದಿದ್ದ ಅತ್ತಿಗೆ ತುಟಿ ಪಿಟಕ್ಕೆನ್ನಲಿಲ್ಲ. ಮಾತಾಡುವ ಅತ್ತಿಗೆಗೆ ಹೆದರಬೇಕಿಲ್ಲ. ಸುಮ್ಮನಿರುವ ಅತ್ತಿಗೆಗೆ ಹೆದರಬೇಕು.

ತೆಳ್ಳನೆ ಅಂಗಿ, ಬೇಗ ಒಣಗಿತು. ಬೂದು ಬಣ್ಣ! ಸೋಪಿನ ವಂಶವನ್ನೆಲ್ಲ ಬೈದು ಮತ್ತೆ ಒಗೆದ, ಮತ್ತೆ ಅಲ್ಲೇ ಹರವಿದ. ಮತ್ತೆ ಬೂದು. ಮರ ಕಡಿಯುವವ ಬನಿಯನ್ನಿನಲ್ಲೇ ಕಟ್ಟೆ ಮೇಲೆ ಕೂತು, ಕೆಮ್ಮು ಬಿಟ್ಟಾಗಲೆಲ್ಲ ಕೇಳುತ್ತಿದ್ದ: "ಏನಣ್ಣ, ಒಗೀತಿದ್ದೀಯೋ, ಬಣ್ಣ ಹಾಕ್ತಿದ್ದೀಯೋ?"

"ಇಲ್ಲಿ ಕೊಡಪ್ಪಾ ಮಹಾರಾಯ" ಎಂದು ಅತ್ತಿಗೆ ಅಂಗಿ ಕಿತ್ತುಕೊಂಡಳು. ಅದೇ ಸೋಪು, ಅದೇ ನೀರು. ಹರವಿದ್ದು ಮಾತ್ರ ಈಚೆಗೆ, ಎಲೆ ದಟ್ಟವಾಗಿ ಉಳಿದಿದ್ದ ಕಡೆ. ಒಣಗಿದಾಗ ಅಂಗಿ ಫಳಫಳ.

"ಏನ್ ಹಾಕಿದ್ರಿ ಅತ್ತಿಗೆ?"

"ಮರ ಹಾಕ್ದೆ. ಲಾರಿ ಹೊಗೆ, ರಸ್ತೆ ಮಸಿ, ಎಲ್ಲಾನೂ ಅದು ತನ್ನ ಮೈಮೇಲೆ ಎಳ್ಕೊಂಡು ನಿಂತಿತ್ತು. ನೀನು ಸಂದಿ ಮಾಡಿ 'ಬನ್ನಿ ಬನ್ನಿ' ಅಂತ ಒಳಗೆ ಕರ್ದೆ. ಎಲೆ ಬಿದ್ರೆ ಹೆಕ್ಕಿ ಎಸೀಬಹುದು ಕಣಪ್ಪಾ. ಮಸಿ ಬಿದ್ರೆ ಹೆಕ್ತೀಯಾ?"

ಲಾಂಡ್ರಿಯವ ಗರಗಸ ಮೂಲೆಗಿಟ್ಟ. ನೀರಿನ ಪೈಪ್ ಎಳೆದು ತಂದು, ನೆತ್ತಿಯಿಂದ ಬುಡದವರೆಗೆ ಮರವನ್ನೇ ತೊಳೆಯತೊಡಗಿದ. "ಇನ್ಮೇಲೆ ಒಂದೊಂದು ಹಾಸೂ ನಾನೇ ಕೊಡವಿ ಮಡಚ್ತೀನಿ" ಎಂದು ಗೊಣಗಿದ. ಕಪ್ಪು ನೀರು ಚರಂಡಿಗೆ ಹರಿಯಿತು.

ಬಿಳಿ ಅಂಗಿಯ ಗುಂಡಿ ಹಾಕುತ್ತಾ ಮರ ಕಡಿಯುವವ ಆ ನೀರನ್ನೇ ನೋಡಿದ. "ಅಕ್ಕಾ, ಊರಿನ ಆ ತುದಿಯಿಂದ ಈ ತುದಿವರೆಗೂ ರಸ್ತೆಬದಿ ಮರ ಎಲ್ಲಾ ಕಡ್ದೋನು ನಾನೇ. ಅವು ಹಿಡ್ಕೊಳ್ತಿದ್ದ ಮಸಿ ಈಗ ಎಲ್ಲಿಗೆ ಹೋಗುತ್ತೆ?"

ಅತ್ತಿಗೆ ಬಾಯಿ ತೆರೆದಳು. ಅಷ್ಟರಲ್ಲಿ ಅವನಿಗೆ ಮತ್ತೆ ಕೆಮ್ಮು ಬಂತು. ಅವಳು ಬಾಯಿ ಮುಚ್ಚಿದಳು.