ಬಾಗಿಲ ಮೇಲಿನ ಲೋಳೆಸರ

ಯಾರೋ ಮತ್ತೆ ಲೋಳೆಸರವನ್ನು ಕೊಂದಿದ್ದರು.

ಬಾಗಿಲ ಮೇಲೆ ತಲೆಕೆಳಗಾಗಿ ತೂಗುತ್ತಿದ್ದ ಗಿಡವನ್ನು ತೇಜಸ್ವಿನಿ ಒತ್ತಿ ನೋಡಿದಳು. ಎಲೆ ಮೆತ್ತಗೆ ಬೆರಳಿಗಂಟಿತು. ನಡುವಿನ ಸುಳಿ ಬೆಂದ ಬದನೆಕಾಯಿಯಂತಾಗಿತ್ತು. ಅತ್ತೆ ಪುಟ್ಟಸಿದ್ದಮ್ಮ ಮೇಕೆ ಹೊಡೆದುಕೊಂಡು ಆಗಲೇ ಹೋಗಿದ್ದಳು. ತೇಜಸ್ವಿನಿ ಸ್ಟೂಲು ಹತ್ತಿ ದಾರ ಬಿಚ್ಚಿ, ಸತ್ತ ಗಿಡವನ್ನು ಚೀಲಕ್ಕೆ ಹಾಕಿದಳು. ಹಿತ್ತಲಲ್ಲಿ ಸೌದೆಯ ಹಿಂದೆ ಬಚ್ಚಿಟ್ಟು ಸಾಕಿದ್ದ ಇನ್ನೊಂದನ್ನು ಕಿತ್ತು ತಂದಳು. ಕಟ್ಟುವ ಮುನ್ನ ಅದರ ಒಂದು ಎಲೆಯ ತುದಿಯನ್ನು ಓರೆಯಾಗಿ ಕತ್ತರಿಸಿದಳು. ಮೊದಲ ಗಿಡಕ್ಕೆ ಗಂಡ ಶಿವಮೂರ್ತಿಯ ಕುಡುಗೋಲು ತಗುಲಿ ಆಗಿದ್ದ ಗಾಯವೂ ಹೀಗೇ ಇತ್ತು.

ತೆರಕಣಾಂಬಿ ಕಡೆ ದೃಷ್ಟಿಗೆಂದು ಲೋಳೆಸರ ಕಟ್ಟದ ಬಾಗಿಲು ಅಪರೂಪ. ಮಣ್ಣಿಲ್ಲದೆ, ನೀರಿಲ್ಲದೆ ಬದುಕುವ ಮೊಂಡು ಗಿಡ. ಈ ಮನೆಯದನ್ನು ಕಟ್ಟಿದವನು ಶಿವಮೂರ್ತಿ, ವಯನಾಡಿನ ಶುಂಠಿ ಹೊಲಕ್ಕೆ ಕೂಲಿಗೆ ಹೊರಟ ಬೆಳಿಗ್ಗೆ. ಆಮೇಲೆ ಅವನೂ ಇಲ್ಲ, ಅವನ ಫೋನೂ ಇಲ್ಲ. ಊರು ಗುಸುಗುಸು ಶುರುಮಾಡಿದಾಗ ಪುಟ್ಟಸಿದ್ದಮ್ಮ ಜಗುಲಿಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳು: “ನನ್ ಮಗ ಕಟ್ಟಿದ್ ಗಿಡ ಹಸ್ರಾಗಿರೋಗಂಟ ನನ್ ಮಗ ಬದುಕವ್ನೆ. ನನ್ ಸೊಸೆ ತಾಳಿ ವಿಚಾರ ಯಾರೂ ಎತ್ಕೂಡ್ದು!” ಆಡಿದ ಮಾತನ್ನು ವಾಪಸು ತೆಗೆದುಕೊಂಡು ಗೊತ್ತಿದ್ದ ಹೆಂಗಸಲ್ಲ ಅವಳು.

ತೇಜಸ್ವಿನಿಗೆ ಮಾತ್ರ ನಿಜ ಗೊತ್ತಿತ್ತು. ಶಿವಮೂರ್ತಿಯನ್ನು ಕೂಲಿಗೆ ಕರೆದೊಯ್ದಿದ್ದ ಚಿಕ್ಕಬೀರಯ್ಯ ಒಬ್ಬನೇ ಹಿಂದಿರುಗಿ ಬಂದು ಅವಳನ್ನು ದಾರಿಯಲ್ಲಿ ತಡೆದಿದ್ದ. ಗುಡ್ಡ ಕುಸಿದು ಕೂಲಿಯವರ ಶೆಡ್ಡು ಮಣ್ಣಿನಡಿ ಹೋಯಿತು. ಶಿವಮೂರ್ತಿ ಒಳಗೆ ಮಲಗಿದ್ದ. ಹೆಣವೂ ಸಿಗಲಿಲ್ಲ. “ಅವ್ವಂಗೆ ಮಾತ್ರ ಹೇಳ್ಬೇಡ ಕಣಮ್ಮಿ, ಎದೆ ಒಡ್ಕೊಂಡು ಸತ್ತೋಯ್ತಾಳೆ,” ಎಂದು ಅತ್ತಿದ್ದ. ಊರಿನವರಿಗೆ, ಶಿವಮೂರ್ತಿ ಬೇರೆ ತೋಟದಲ್ಲಿದ್ದಾನೆ ಎಂದು ಹೇಳಿದ. ಆ ಸಂಜೆ ಮನೆಗೂ ಬಂದು, ಮುದುಕಿ ಕೊಟ್ಟ ನೀರು ಕುಡಿದು, ಅವಳ ಮುಖ ನೋಡದೆ ಎದ್ದು ಹೋಗಿದ್ದ.

ತೇಜಸ್ವಿನಿ ಸತ್ತ ಗಿಡವನ್ನು ತಾನು ಕೆಲಸ ಮಾಡುವ ನರ್ಸರಿಗೆ ಒಯ್ದಳು. ಗುಂಡ್ಲುಪೇಟೆ ರಸ್ತೆಯ ಆ ನರ್ಸರಿ ಮಲ್ಲೇಶನದು. ಹೆಂಡತಿ ತೀರಿಕೊಂಡವನು. ತೇಜಸ್ವಿನಿಯನ್ನು ಮದುವೆಯಾಗಲು ಕಾದಿದ್ದ, ಅವಳಿಗೂ ಅವನೆಂದರೆ ಇಷ್ಟ. ಅವಳು ಹೇಳಿದ ನಿಜ ಕೇಳಿದವನು ಅವನೊಬ್ಬನೇ.

ಮಲ್ಲೇಶ ಸುಳಿಯನ್ನು ಚಾಕುವಿನಿಂದ ಸೀಳಿದ. “ಇದು ಕೊಳೆತಿಲ್ಲ, ಬೆಂದದೆ. ಯಾರೋ ಕುದಿಯೋ ನೀರ್ಗೆ ಅದ್ದವ್ರೆ.”

“ಪಕ್ಕದ್ಮನೆ ಕುಮಾರಿನೇ ಇರ್ಬೇಕು. ಅವಳಿಗೆ ನಮ್ಮನ್ ಕಂಡ್ರಾಗಲ್ಲ.”

“ಯಾರಾದ್ರೂ ಆಗ್ಲಿ, ನಿಂಗೆ ಉಪ್ಕಾರನೇ ಮಾಡ್ತಾವ್ರೆ. ಒಣಗ್ಲಿ ಬುಡು. ನಿನ್ ಕೈಲಿ ಹೇಳಕಾಗ್ದಿದ್ನ ಆ ಗಿಡನೇ ಹೇಳ್ಬುಡ್ತದೆ.”

“ಅತ್ತೆ ಉಳಿಯಲ್ಲ.”

ಅವನು ಸಾಲಿನಿಂದ ಇನ್ನೊಂದು ಗಿಡ ಎತ್ತಿಕೊಟ್ಟ. “ಮರಳು ಜಾಸ್ತಿ ಹಾಕಿವ್ನಿ. ಸುಳಿಗೆ ನೀರ್ ಹುಯ್ಬೇಡ, ಬುಡ ಒಣಗ್ದಾಗ ಚೂರು ಸಾಕು.” ತಾಯಿಗಿಡದ ಬುಡದಿಂದ ಮರಿಗಳನ್ನು ಬಿಡಿಸಿ ಆ ಸಾಲನ್ನು ಅವಳಿಗೆಂದೇ ಬೆಳೆಸಿದ್ದ. ತನ್ನ ಮದುವೆಗೆ ತಾನೇ ಅಡ್ಡಗಾಲು ಸಾಕುತ್ತಿದ್ದ, ಪಾಪ.

“ನಾಳೆ ನಮ್ಮವ್ವ ನಿಮ್ಮತ್ತೇನ ಕೇಳಕ್ಕೆ ಬತ್ತಾಳೆ. ಇಲ್ಲ ಅಂದ್ರೆ ಚಂದಕವಾಡಿ ಹೆಣ್ಣಿಗೆ ಮಾತು ಕೊಡ್ತಾಳಂತೆ. ನಾನೂ ಇನ್ನ ತಡೆಯಕಾಗಲ್ಲ ತೇಜಸ್ವಿನಿ.”

ಸಂಜೆ ಅವಳು ಲೋಳೆಸರದ ಎಲೆ ಸೀಳಿ, ಅತ್ತೆಯ ಬೊಬ್ಬೆಯೆದ್ದ ಬೆರಳುಗಳಿಗೆ ತಿರುಳು ಹಚ್ಚಿದಳು. ಕಣ್ಣು ಮಂಜಾದ ಮೇಲೆ ಮುದುಕಿ ಮುದ್ದೆಯ ಎಸರಿಗೆ ಕೈ ಸುಟ್ಟುಕೊಳ್ಳುವುದು ಆಗಾಗ ಇದ್ದದ್ದೇ. ಪುಟ್ಟಸಿದ್ದಮ್ಮ ಬಾಗಿಲ ಮೇಲಿನ ಗಿಡವನ್ನೇ ನೋಡುತ್ತಿದ್ದಳು. ಎದ್ದು ಹೋಗಿ ಎಲೆ ಮುಟ್ಟಿದಳು, ಕತ್ತರಿಸಿದ ತುದಿಯನ್ನು ಸವರಿದಳು.

“ಎಷ್ಟು ಹಸ್ರಾಗದೆ ನೋಡಮ್ಮಿ,” ಎಂದು ಗಳಗಳನೆ ಅತ್ತಳು.

ತೇಜಸ್ವಿನಿ ಅವಳನ್ನು ಒಳಗೆ ಕರೆತಂದು ಕೂರಿಸಿದಳು. ಆದರೂ ಅಂದೇ ಗಟ್ಟಿ ಮನಸ್ಸು ಮಾಡಿದಳು. ಇದೇ ಕೊನೆ. ಇನ್ನೊಮ್ಮೆ ಯಾರಾದರೂ ಕೊಂದರೆ ಬದಲಿಸುವುದಿಲ್ಲ. ಅವಳಿಗೂ ಒಂದು ಬದುಕು ಬೇಕಿತ್ತು.

ಮರುದಿನ ಕೆಲಸದಿಂದ ಬಂದಾಗ ಪುಟ್ಟಸಿದ್ದಮ್ಮ ಹೊಸ್ತಿಲಲ್ಲಿ ಕೂತಿದ್ದಳು. ತಲೆ ಬಾಚಿದ್ದಳು. ಎಷ್ಟೋ ಕಾಲದ ಮೇಲೆ ಮುಖದಲ್ಲಿ ಕಳೆಯಿತ್ತು. ಸೊಸೆಯ ಬಾಯಿಗೆ ಬೆಲ್ಲದ ಚೂರು ಹಾಕಿದಳು.

“ಮಲ್ಲೇಶನ ಅವ್ವ ಬಂದಿದ್ಲು.”

“ಏನಂದ್ರಿ ಅತ್ತೆ?” ಬೆಲ್ಲ ಬಾಯಲ್ಲೇ ಉಳಿಯಿತು.

“ಮುಚ್ಚಿಟ್ಟಿದ್ನ ಹೇಳ್ಬುಡ್ತೀನಿ ಕೇಳು. ಶಿವಮೂರ್ತಿ ಸತ್ತೋದ ಅಂತ ಚಿಕ್ಕಬೀರಯ್ಯ ಮನೆಗೆ ಬಂದ್ ಸಂಜೆನೇ ಹೇಳಿದ್ದ, ನಿಂಗೆ ಹೇಳ್ಬೇಡ ಅಂದಿದ್ದ. ಮಗನೇ ಇಲ್ಲ, ನಿನ್ನಾದ್ರೂ ಯಾಕೆ ಕಟ್ಟಾಕಲಿ ಅನ್ನುಸ್ತು. ಆದ್ರೆ ಊರ್ ಮುಂದೆ ಆಡಿದ್ ಮಾತು, ಹೆಂಗ್ ನುಂಗ್ಲಿ?”

ಮುದುಕಿ ಸುಟ್ಟ ಬೆರಳುಗಳಿಂದ ಸೊಸೆಯ ಗಲ್ಲ ಹಿಡಿದಳು.

“ಅದ್ಕೆ ಆ ಗಿಡನ ನಾನೇ ಎಸ್ರಿಗೆ ಅದ್ದಿ ಅದ್ದಿ ಸಾಯಿಸ್ದೆ ಕಣಮ್ಮಿ, ಸಾಯಿಸ್ದಾಗೆಲ್ಲ ಹಸ್ರಾಗಿ ಎದ್ದು ಬತ್ತದೆ, ನನ್ ಮಗ ದಿಟವಾಗ್ಲೂ ಬದುಕವ್ನೆ, ಮಲ್ಲೇಶನ ಅವ್ವಂಗೆ ಇಲ್ಲ ಅಂತ ಹೇಳಿ ಕಳಿಸ್ಬುಟ್ಟೆ.”