ಮೂವತ್ತೆರಡನೆಯ ಗಡಿಯಾರ

ದೇಶದ ಅತ್ಯುನ್ನತ ನ್ಯಾಯಾಲಯದ ಹಜಾರದಲ್ಲಿ ಮುದಿ ಜವಾನ ಏಣಿ ಹತ್ತಿ, ಸರಿಯಾಗೇ ನಡೆಯುತ್ತಿದ್ದ ಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸುತ್ತಿದ್ದಾಗ ಮುಖ್ಯ ನ್ಯಾಯಮೂರ್ತಿಗಳೇ ಎದುರು ಬಂದರು. ಬಾಗಿಲ ಮರೆಯಲ್ಲಿ ನಗು ಅದುಮಿಕೊಂಡು ನಿಂತಿದ್ದ ಬೆರಳಚ್ಚುಗಾರನ ಜೀವ ಬಾಯಿಗೆ ಬಂತು. ಬೆಳಿಗ್ಗೆ ಫೋನಿನಲ್ಲಿ ಸಾಹೇಬರ ದನಿಯನ್ನು ಕೆಮ್ಮಿನ ಸಮೇತ ಅನುಕರಿಸಿ ಆ ಅಪ್ಪಣೆ ಕೊಟ್ಟವನು ಅವನೇ. ಇಪ್ಪತ್ತು ವರ್ಷದ ನೌಕರಿ ಇವತ್ತಿಗೆ ಗೋತಾ ಎಂದುಕೊಂಡ.

"ಏನಯ್ಯಾ ಇದು?" ಎಂದರು ಸಾಹೇಬರು.

"ತಾವೇ ಫೋನ್ ಮಾಡಿ ಹೇಳಿದ್ರಲ್ಲ ಸ್ವಾಮಿ. ಕಟ್ಟಡದಲ್ಲಿರೋ ಮೂವತ್ತೊಂದು ಮುಗೀತು, ಇದೊಂದೇ ಬಾಕಿ."

"ಯಾಕೆ ಅಂತ ಒಬ್ರೂ ಕೇಳ್ಲಿಲ್ವಾ?"

"ಚೆನ್ನಾಗಿ ಹೇಳಿದ್ರಿ! ತಮ್ಮನ್ನ ಕೇಳೋಕೆ ಮೇಲೆ ಇನ್ಯಾರಿದಾರೆ?"

ಸಾಹೇಬರ ಕೈಯಲ್ಲಿ ಮಧ್ಯಾಹ್ನ ಓದಬೇಕಿದ್ದ ತೀರ್ಪಿತ್ತು. ಈ ನ್ಯಾಯಾಲಯದ ಅಧಿಕಾರ ಅತಿಯಾಯಿತೆಂಬ ದೂರಿನಲ್ಲಿ ಹುರುಳಿಲ್ಲ ಎನ್ನುವ ತೀರ್ಪು. ಅವರು ಗಡಿಯಾರ ನೋಡಿದರು, ಕೈಯ ಕಾಗದ ನೋಡಿದರು. ಬೆರಳಚ್ಚುಗಾರ ತಾನಾಗಿಯೇ ಈಚೆ ಬಂದು, "ತಪ್ಪಾಯ್ತು ಸಾರ್, ಆ ದನಿ ನಂದು. ತಮಾಷೆಗೆ..." ಎಂದು ತಡವರಿಸಿದ.

"ಇದನ್ನ ವಾಪಸ್ ತಗೊಳ್ಳಯ್ಯಾ, ಮೊದಲಿಂದ ಬರೀಬೇಕು," ಎಂದು ತೀರ್ಪನ್ನು ಅವನ ಕೈಗಿಟ್ಟ ಸಾಹೇಬರು ಏಣಿಗೊರಗಿ ನಕ್ಕ ರಭಸಕ್ಕೆ, ಮೇಲಿದ್ದ ಮುದುಕ ಗಡಿಯಾರವನ್ನೇ ತಬ್ಬಿಕೊಂಡ.