ಒಂದೆಳೆ ನೂಲು

ಹೊಸ ಬಣ್ಣ ಬಳಿದ ಹಳೇ ಕಾರೊಂದು ಎದುರಿನ ರುದ್ರೋಜಿಯ ಗ್ಯಾರೇಜಿನಿಂದ ಹೊರಟು, ರಸ್ತೆ ದಾಟಿ ತನ್ನ ಗ್ಯಾರೇಜಿಗೆ ಬಂದಾಗ ಕೊಟ್ರೇಶನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಬ್ಬರೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕಲಿತವರು. ಕಾರ್ಬುರೇಟರ್ ಬಿಚ್ಚಿ ಮುಚ್ಚಿದವನು ತಿರುಪಿನ ಮೇಲೆ ತನ್ನ ಬಣ್ಣದ ಚುಕ್ಕೆ ಇಡಬೇಕೆಂದು ಇಬ್ಬರಿಗೂ ಅವನೇ ಕಲಿಸಿದ್ದ. ಆದರೆ ಊರು ಹೊಗಳುವುದು ಮಾತ್ರ ರುದ್ರೋಜಿಯನ್ನು. ಹತ್ತು ವರ್ಷದಿಂದ ಕೊಟ್ರೇಶನಿಗೆ ಅದೇ ಹೊಟ್ಟೆಯುರಿ.

"ಹೋದ ವಾರ ತಗೊಂಡೆ ಅಣ್ಣಾ. ಎಕ್ಸಿಲೇಟರ್ ಒತ್ತಿದ್ರೆ ಗಾಡಿ ಮುಗ್ಗರಿಸ್ತೈತೆ," ಎಂದ ಕಾರಿನವನು.

"ಎದುರಿನ ಆ ದೊಡ್ಡ ಮೇಸ್ತ್ರಿ ಕೈಲಿ ಆಗ್ಲಿಲ್ವಾ?" ಕೊಟ್ರೇಶ ಪಕ್ಕದ ಚಹಾದಂಗಡಿಗೆ ಕೇಳುವಂತೆ ಕೂಗಿದ. "ಬರ್ರೋ, ತಮಾಷೆ ನೋಡ್‌ಬರ್ರಿ!"

ನಾಲ್ಕಾರು ಜನ ಬಂದು ಸುತ್ತ ನಿಂತರು. ಕೊಟ್ರೇಶ ಆತುರದಲ್ಲಿ ಹಿಂದುಮುಂದು ನೋಡದೆ ಕಾರ್ಬುರೇಟರ್ ಬಿಚ್ಚಿದ. ಪೆಟ್ರೋಲ್ ಚಿಮ್ಮುವ ಸಣ್ಣ ತೂತಿಗೆ ತಂತಿ ಹಾಕಿ ಎಳೆದರೆ, ಒರೆಸುವ ಬಟ್ಟೆಯ ಒಂದೆಳೆ ನೂಲು ಹೊರಬಂತು.

"ನೋಡ್ರಪ್ಪಾ, ನಿಮ್ಮ ರುದ್ರೋಜಿ ಕೆಲಸಾನ! ಬಟ್ಟೇಲಿ ಒರೆಸಿ, ನೂಲು ಒಳಗೇ ಬಿಟ್ಟು ಮುಚ್ಚಿದಾನೆ. ಕತ್ತೆ ಕಾಯೋಕೂ ಲಾಯಕ್ಕಿಲ್ಲ ಇಂಥೋನು!"

ಎಲ್ಲರೂ ಗೊಳ್ಳೆಂದು ನಕ್ಕರು. ಕಾರಿನವನು ನಗಲಿಲ್ಲ.

"ಅವರು ಅದನ್ನ ಬಿಚ್ಚೇ ಇಲ್ಲಣ್ಣಾ. ತಿರುಪು ನೋಡಿ ಬಾನೆಟ್ ಮುಚ್ಚಿಬಿಟ್ರು. 'ಇದರ ಮೇಲೆ ಕೊಟ್ರೇಶನ ಹಸಿರು ಚುಕ್ಕೆ ಐತೆ. ನಾನು ಬಿಚ್ಚಿದ್ರೆ ನಾಲ್ಕು ಜನಕ್ಕೆ ಗೊತ್ತಾಗ್ತೈತೆ, ಅವನೇ ಸದ್ದಿಲ್ದಂಗೆ ಸರಿ ಮಾಡ್ಕೊಳ್ಲಿ' ಅಂದ್ರು."